ಗೋವಿಂದಮ್ಮ ಬಳಿದ ಬಾಗಿಲು

ಹುಳಿಮಾವು ಬಡಾವಣೆಯ ಗೋವಿಂದಮ್ಮನಿಗೆ ಮರ ನೋಡುವುದಕ್ಕೆ ಕಣ್ಣು ಬೇಕಿರಲಿಲ್ಲ, ಅಂಗೈ ಸಾಕಿತ್ತು. ಬಾಗಿಲ ಮೇಲೆ ಒಂದು ಸಲ ಅಂಗೈ ಆಡಿಸಿದರೆ ಎಲ್ಲಿ ಹಳೆಯ ಬಣ್ಣ ಎದ್ದಿದೆ, ಎಲ್ಲಿ ಮೊಳೆಯ ತೂತು ಅಡಗಿದೆ, ಯಾವ ಪೇಂಟರು ಹಿಂದಿನ ಸಲ ಊಟದ ಹೊತ್ತಾಯಿತೆಂದು ಅರ್ಧಕ್ಕೆ ಕೈಬಿಟ್ಟು ಎದ್ದಿದ್ದಾನೆ, ಎಲ್ಲ ಹೇಳಿಬಿಡುವಳು. ಹೇಳುವುದಷ್ಟೇ ಅಲ್ಲ, ಆ ಪೇಂಟರಿಗೆ ಅಲ್ಲೇ ನಿಂತು ಮಂಗಳಾರತಿಯನ್ನೂ ಎತ್ತುವಳು, ಅವನು ಎದುರಿಗೆ ಇಲ್ಲದಿದ್ದರೂ ಸರಿಯೇ. ಜಯನಗರ, ಬನಶಂಕರಿ, ಜೆ.ಪಿ. ನಗರದ ಅದೆಷ್ಟೋ ಮನೆಗಳ ಬಾಗಿಲು ಕಿಟಕಿಗಳನ್ನು ಇಪ್ಪತ್ತೆಂಟು ವರ್ಷ ಉಪ್ಪುಕಾಗದ ಹಿಡಿದು ಉಜ್ಜಿದ ಕೈ ಅದು. ಆದರೆ ಉಜ್ಜಿದ್ದು ಮಾತ್ರ. ಆ ಕೈ ಒಂದು ದಿನವಾದರೂ ಬ್ರಷ್ ಹಿಡಿದದ್ದಿಲ್ಲ.

ಯಾಕೆ ಅಂದರೆ ಅದಕ್ಕೊಂದು ದೊಡ್ಡ ಕಾರಣವೇನೂ ಇಲ್ಲ. ಮದುವೆಯಾಗಿ ಬಂದಾಗ ಮಾವ ಪೇಂಟಿಂಗ್ ಮೇಸ್ತ್ರಿ. ಗಂಡ ವೇಣುವಿಗೆ ಬಣ್ಣದ ವಾಸನೆ ಅಂದರೆ ತಲೆನೋವು. ಅವನು ಲಗೇಜ್ ಆಟೋ ಓಡಿಸಿಕೊಂಡು ಪಾರಾದ. ಮನೆಯಿಂದ ಒಬ್ಬರಾದರೂ ಕೆಲಸಕ್ಕೆ ಬರಲಿ ಎಂದು ಮಾವ ಸೊಸೆಯನ್ನು ಕರೆದುಕೊಂಡು ಹೋದರು. ಹೆಂಗಸರು ಉಜ್ಜುವುದು, ಗಂಡಸರು ಬಳಿಯುವುದು, ಅದು ಆ ಕಾಲದ ಲೆಕ್ಕ. ಮಾವ ತೀರಿಕೊಂಡ ಮೇಲೆ ಮೈದುನ ಸಿದ್ದರಾಜು ಮೇಸ್ತ್ರಿಯಾದ. ಕಾಲ ಬದಲಾಯಿತು, ಬಣ್ಣದ ಕಂಪನಿಗಳು ಬದಲಾದವು, ಲೆಕ್ಕ ಮಾತ್ರ ಹಾಗೇ ಉಳಿಯಿತು.

ಸಿದ್ದರಾಜು ಸ್ಕೂಲಿಗೆ ಹೋಗುವಾಗ ಅವನ ಟಿಫನ್ ಡಬ್ಬಿ ಕಟ್ಟಿದವಳು ಇದೇ ಗೋವಿಂದಮ್ಮ. ಈಗಲೂ ಮನೆಯಲ್ಲಿ ಅತ್ತಿಗೆ ಬಡಿಸಿದ ಮುದ್ದೆಯನ್ನು ಅವನು ತಲೆ ಎತ್ತದೆ ಉಣ್ಣುತ್ತಾನೆ. ಅದೇ ಮನುಷ್ಯ ಕೆಲಸದ ಮನೆಯಲ್ಲಿ ಕೈಕಟ್ಟಿ ನಿಂತು, "ಅತ್ತಿಗೆ, ಆ ಮೂಲೆ ಇನ್ನೊಂದ್ಸಲ ಉಜ್ಬಿಡಿ" ಎಂದು ಗಲ್ಲ ಎತ್ತಿ ತೋರಿಸುತ್ತಾನೆ. ಮೂಲೆ ಸರಿಯಾಗಿಯೇ ಇರುತ್ತದೆ. ಮೇಸ್ತ್ರಿ ಎಂದ ಮೇಲೆ ಏನಾದರೂ ಒಂದು ಹೇಳಬೇಕಲ್ಲ, ಹೇಳುತ್ತಾನೆ ಅಷ್ಟೆ.

ಬ್ರಷ್ ಕೊಡು ಎಂದು ಗೋವಿಂದಮ್ಮ ಎರಡು ಸಲ ಕೇಳಿದ್ದಳು. ಎರಡು ಸಲವೂ "ನೋಡಣ ಅತ್ತಿಗೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದ. ಅವಳಿಗೆ ಆಸೆ ಇತ್ತು. ಇತ್ತು ಅಂದರೆ ಸಣ್ಣದಲ್ಲ, ಹೊಟ್ಟೆಕಿಚ್ಚು ಬರುವಷ್ಟಿತ್ತು. ದಿನವೆಲ್ಲ ಧೂಳು ಕುಡಿದು ಇವಳು ಮರವನ್ನು ರೇಷ್ಮೆ ಮಾಡಿ ಇಡಬೇಕು. ಆಮೇಲೆ ಪೇಂಟರ್ ಪ್ರಮೋದ ಕಿವಿಗೆ ಹಾಡು ಸಿಕ್ಕಿಸಿಕೊಂಡು ಬಂದು ಒಂದು ಗಂಟೆಯಲ್ಲಿ ಬಳಿದು ಹೋಗಬೇಕು. ಮನೆಯವರು ಬಂದು "ಪೇಂಟರ್ ಕೈ ಚೆನ್ನಾಗಿದೆ" ಅನ್ನಬೇಕು. ಇದನ್ನು ಕೇಳಿಸಿಕೊಂಡು ಇಪ್ಪತ್ತೆಂಟು ವರ್ಷ ಸುಮ್ಮನಿದ್ದದ್ದೇ ಅವಳ ದೊಡ್ಡತನ ಅನ್ನಬೇಕು.

ಆ ಶ್ರಾವಣದಲ್ಲಿ ಜಯನಗರ ಏಳನೇ ಬ್ಲಾಕಿನಲ್ಲಿ ಕಲ್ಯಾಣಿ ಮೇಡಂ ಅವರ ಮನೆಯ ಕೆಲಸ ನಡೆಯುತ್ತಿತ್ತು. ಕಲ್ಯಾಣಿ ರಿಟೈರಾದ ಗಣಿತದ ಟೀಚರು. ಇಡೀ ಮನೆಗೆ ಬಣ್ಣವಾಗಿ ದೇವರ ಮನೆಯ ಬಾಗಿಲೊಂದು ಉಳಿದಿತ್ತು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಅಷ್ಟರಲ್ಲಿ ಮುಗಿಯಬೇಕು. ದೇವರುಗಳೆಲ್ಲ ಡೈನಿಂಗ್ ಟೇಬಲ್ಲಿನ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದವು. ಮನೆಯವರು ಅಡುಗೆಮನೆಯಲ್ಲಿ ನಿಂತೇ ಊಟ ಮಾಡುತ್ತಿದ್ದರು.

ಸೋಮವಾರ ಗೋವಿಂದಮ್ಮ ಆ ಬಾಗಿಲ ಮುಂದೆ ಕೂತಳು. ಎರಡು ರೆಕ್ಕೆಯ ಬಾಗಿಲು, ಚೌಕ ಚೌಕದ ಕಿಂಡಿಗಳು, ಕಿಂಡಿಗೊಂದು ಹಿತ್ತಾಳೆಯ ಗಂಟೆ. ಮೂವತ್ತು ವರ್ಷದ ದೀಪದ ಹೊಗೆ, ಎಣ್ಣೆ, ಅರಿಶಿನ ಎಲ್ಲ ಮರಕ್ಕೆ ಇಳಿದಿತ್ತು. ಅಂಗೈ ಆಡಿಸಿದಳು, ಜಿಡ್ಡು. ಇದರ ಮೇಲೆ ಹಾಗೇ ಬಳಿದರೆ ಬಣ್ಣ ಒಂದು ತಿಂಗಳಾದರೂ ಆರುವುದಿಲ್ಲ ಎಂದು ಅವಳಿಗೆ ಗೊತ್ತು. ಗಂಟೆಗಳನ್ನೆಲ್ಲ ಬಿಚ್ಚಿದಳು. ಹಿಂದಿನ ಯಾವನೋ ಪುಣ್ಯಾತ್ಮ ಗಂಟೆಯ ಮೇಲೂ ಬಣ್ಣ ಬಳಿದು ಅವುಗಳ ಬಾಯಿ ಕಟ್ಟಿದ್ದ. ಅವನಿಗೆ ಸಲ್ಲಬೇಕಾದ ಮಂಗಳಾರತಿ ಸಲ್ಲಿಸಿ, ಗಂಟೆಗಳನ್ನು ಒಂದು ಡಬ್ಬದಲ್ಲಿ ಥಿನ್ನರ್‌ಗೆ ಹಾಕಿಟ್ಟಳು. ಸೋಡಾಪುಡಿ ನೀರಲ್ಲಿ ಬಾಗಿಲು ತೊಳೆದು, ಒರೆಸಿ, ಒಣಗಿಸಿ, ಬರಿಯ ಮರ ಕಾಣುವ ತನಕ ಉಜ್ಜಿದಳು. ಇದನ್ನೆಲ್ಲ ಕಲ್ಯಾಣಿ ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದರು.

"ಗೋವಿಂದಮ್ಮ, ನೀವು ಯಾಕೆ ಪೇಂಟ್ ಮಾಡಲ್ಲ?"

"ನಾನು ಉಜ್ಜೋಳು ಮೇಡಂ."

"ಅದು ಉತ್ತರ ಅಲ್ಲ. ನಾನು ಕೇಳಿದ್ದು ಯಾಕೆ ಅಂತ."

ಗೋವಿಂದಮ್ಮ ತಲೆ ತಗ್ಗಿಸಿ ಮತ್ತೆ ಉಜ್ಜತೊಡಗಿದಳು. ಸಾಯಂಕಾಲ ಸಿದ್ದರಾಜು ಬಂದಾಗ ಕಲ್ಯಾಣಿ ಅದೇ ಪ್ರಶ್ನೆಯನ್ನು ಅವನಿಗೆ ಹಾಕಿದರು. ಅವನು ಅಭ್ಯಾಸ ಇಲ್ಲ ಅಂದ. ಮಾಡದೆ ಅಭ್ಯಾಸ ಎಲ್ಲಿಂದ ಬರುತ್ತೆ ಅಂದರು. "ಡಾರ್ಕ್ ಬ್ರೌನು ಮೇಡಂ, ಗ್ಲಾಸಿ ಬೇರೆ. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಎದ್ದು ಕಾಣ್ಸುತ್ತೆ" ಅಂದ. "ಬಾಗಿಲು ನಂದು, ನಾನು ಒಪ್ಕೊಂಡಿದೀನಿ. ಇನ್ನೇನು ತೊಂದರೆ?" ಅಂದರು. ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳ ಸಬೂಬು ಕೇಳಿದವರ ಮುಂದೆ ಮೇಸ್ತ್ರಿಯ ಆಟ ಎಷ್ಟು ಹೊತ್ತು ನಡೆದೀತು.

ಗೇಟಿನ ಹೊರಗೆ ಬಂದ ಮೇಲೆ ಅವನು ಸ್ಕೂಟರಿಗೆ ಒರಗಿ ನಿಂತ. "ಒಂದೇ ಬಾಗ್ಲು ಅತ್ತಿಗೆ. ಸರಿಯಾಗಿ ಬಂತು ಅಂದ್ರೆ ಕತ್ರಿಗುಪ್ಪೆ ಮನೇಲಿ ಹದಿನಾಲ್ಕು ಬಾಗ್ಲಿದೆ, ಅಷ್ಟೂ ನೀವೇ ಪೇಂಟ್ ಮಾಡಿ. ಕೆಡ್ತು ಅಂದ್ರೆ ಇನ್ಮೇಲೆ ಈ ಮಾತು ಎತ್ಬಾರ್ದು."

"ಎತ್ತಲ್ಲ ಬಿಡು," ಅಂದಳು ಗೋವಿಂದಮ್ಮ. ಹೇಳಿದವಳೇ ಹುಳಿಮಾವಿನ ಬಸ್ಸು ಹಿಡಿಯಲು ನಡೆದಳು.

ಮಂಗಳವಾರ ಪ್ರೈಮರ್ ಹೊಡೆದು, ತೂತುಗಳಿಗೆ ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಸಂಜೆಗೆ ಮೊದಲ ಕೋಟು. ಬುಧವಾರ ಬೆಳಿಗ್ಗೆ ಮೇಲೆ ಮೇಲೆ ಒಂದು ಕೈ ಉಜ್ಜಿ, ಒರೆಸಿ, ಎರಡನೆಯ ಕೋಟಿಗೆ ಕೂತಳು. ಯಾರೂ ಅವಳಿಗೆ ಕಲಿಸಿರಲಿಲ್ಲ. ಆದರೆ ಪಕ್ಕದಲ್ಲಿ ಕೂತು ನೋಡಿದ್ದು ಸ್ವಲ್ಪವೇ? ಬ್ರಷ್ಷನ್ನು ಪೂರ್ತಿ ಅದ್ದಬಾರದು, ಡಬ್ಬದ ಅಂಚಿಗೆ ಎರಡು ಸಲ ತಟ್ಟಬೇಕು. ಮೊದಲು ಕಿಂಡಿಗಳ ಒಳಮೂಲೆ, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಕೊನೆಯ ಎಳೆತ ಮೇಲಿನಿಂದ ಕೆಳಕ್ಕೆ, ನಡುವೆ ಕೈ ನಿಲ್ಲಿಸುವಂತಿಲ್ಲ. ಪ್ರಮೋದ ಎಲ್ಲೆಲ್ಲಿ ಅವಸರ ಮಾಡುತ್ತಾನೋ ಅಲ್ಲೆಲ್ಲ ಅವಳು ನಿಧಾನ ಮಾಡಿದಳು. ಉಸಿರು ಬಿಗಿಹಿಡಿದು ಎಳೆದಳು. ಕಲ್ಯಾಣಿ ನಡುವೆ ಒಮ್ಮೆ ಬಂದು ಊಟಕ್ಕೆ ಕರೆದರೆ ಬಾಯಿ ಬಿಡದೆ ತಲೆ ಮಾತ್ರ ಅಲ್ಲಾಡಿಸಿದಳು.

ಮೂರು ಗಂಟೆಗೆ ಮುಗಿಯಿತು. ಬ್ರಷ್ಷನ್ನು ಥಿನ್ನರಿನಲ್ಲಿಟ್ಟು, ಎದ್ದು, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದಳು. ಅಬ್ಬ, ಏನು ಬಾಗಿಲು ಅದು. ಎಲ್ಲೂ ಬಣ್ಣ ಇಳಿದಿಲ್ಲ, ಎಲ್ಲೂ ಬ್ರಷ್ಷಿನ ಗೆರೆ ಇಲ್ಲ, ಕಿಟಕಿಯ ಬೆಳಕು ಅದರ ಮೇಲೆ ನೀರಿನಲ್ಲಿ ಬಿದ್ದ ಹಾಗೆ ಬಿದ್ದಿದೆ. ಗೋವಿಂದಮ್ಮನಿಗೆ ಮಾವನ ನೆನಪಾಯಿತು, ಮನೆದೇವರ ನೆನಪಾಯಿತು, ಇಷ್ಟು ವರ್ಷ ಕುಡಿದ ಧೂಳಿನ ನೆನಪಾಯಿತು. ಅವಳು ಮುಂದೆ ಬಂದು, ಬಗ್ಗಿ, ಎರಡೂ ಕೈಯಿಂದ ಬಾಗಿಲನ್ನು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕಣ್ಣಿಗೊತ್ತಿಕೊಂಡ ಬೆರಳು ರೆಪ್ಪೆಗೆ ಅಂಟಿದಾಗಲೇ ಗೊತ್ತಾದದ್ದು.

ಅಲ್ಲ, ಇಪ್ಪತ್ತೆಂಟು ವರ್ಷದಿಂದ ಮನೆಮನೆಯಲ್ಲೂ "ಹಸಿ ಪೇಂಟು, ಯಾರೂ ಮುಟ್ಬೇಡಿ" ಎಂದು ಕೂಗಿಕೊಂಡು ಬಂದವಳು. ಕಾಲು ತಗುಲಿದರೆ ಪುಸ್ತಕವನ್ನು, ಹತ್ತುವಾಗ ಬಸ್ಸಿನ ಮೆಟ್ಟಿಲನ್ನು, ಬೆಳಿಗ್ಗೆ ಎದ್ದು ಕೆಲಸ ಶುರು ಮಾಡುವಾಗ ಉಪ್ಪುಕಾಗದವನ್ನೂ ಮುಟ್ಟಿ ನಮಸ್ಕಾರ ಮಾಡುವ ಕೈ. ದೇವರ ಮನೆಯ ಬಾಗಿಲು ಕಂಡರೆ ಬಿಡುತ್ತದೆಯೆ? ಬಾಗಿಲಿನ ನಡುಪಟ್ಟಿಯ ಮೇಲೆ ಈ ಕಡೆ ನಾಲ್ಕು, ಆ ಕಡೆ ನಾಲ್ಕು, ಎಂಟು ಬೆರಳು ಎಣಿಸುವ ಹಾಗೆ ಮೂಡಿ ನಿಂತಿದ್ದವು.

"ಅಯ್ಯೋ" ಎಂದು ಕೂಗಿಕೊಂಡಳು. ಕಲ್ಯಾಣಿ ಓಡಿ ಬಂದು ನೋಡಿದರೆ, ಗೋವಿಂದಮ್ಮ ಎರಡು ರೆಪ್ಪೆಯ ಮೇಲೂ ಕಂದು ಬಣ್ಣ ಹಚ್ಚಿಕೊಂಡು ನೆಲದಲ್ಲಿ ಕೂತಿದ್ದಳು. ಮೊದಲು ಕಲ್ಯಾಣಿಗೆ ನಗು ಬಂತು, ನಕ್ಕೂಬಿಟ್ಟರು. ಆಮೇಲೆ ಕೊಬ್ಬರಿ ಎಣ್ಣೆ ತಂದು ಅವಳ ರೆಪ್ಪೆಯನ್ನು ತಾವೇ ಒರೆಸಿದರು.

"ಅಲ್ಲೊಂಚೂರು ಬ್ರಷ್ ಆಡಿಸಿದ್ರೆ ಹೋಗಲ್ವಾ?"

"ಇಲ್ಲ ಮೇಡಂ. ಪೇಂಟು ಆಗ್ಲೇ ಹಿಡ್ಕೊಂಡಿದೆ, ಈಗ ಕೈ ಹಾಕಿದ್ರೆ ತೇಪೆ ಹಾಕಿದಂಗೆ ಕಾಣುತ್ತೆ. ಪೂರ್ತಿ ಆರ್ಬೇಕು, ನಾಳೆ ಮತ್ತೆ ಉಜ್ಜಿ, ಇಡೀ ಬಾಗ್ಲಿಗೇ ಇನ್ನೊಂದು ಕೋಟು ಹೊಡೀಬೇಕು. ಇನ್ನೇನು ಸಿದ್ದರಾಜು ಬರ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ."

ಕಲ್ಯಾಣಿ ಒಂದು ನಿಮಿಷ ಯೋಚಿಸಿದರು. "ನಾನು ಮುಟ್ಟಿದೆ ಅಂದ್ಬಿಡ್ತೀನಿ. ನನ್ನ ಬಾಗಿಲು, ನಾನು ಮುಟ್ಟಿದ್ರೆ ಯಾರು ಏನು ಅಂತಾರೆ?"

ಗೋವಿಂದಮ್ಮ ಬೇಡ ಅನ್ನಬೇಕಿತ್ತು. ಹದಿನಾಲ್ಕು ಬಾಗಿಲು ಕಣ್ಣ ಮುಂದೆ ಬಂದವು. ಹೂಂ ಅಂದುಬಿಟ್ಟಳು.

ಐದು ಗಂಟೆಗೆ ಸಿದ್ದರಾಜು ಬಂದ. ಮೊಬೈಲಿನ ಟಾರ್ಚ್ ಹಾಕಿ, ಬಾಗಿಲಿಗೆ ಓರೆಯಾಗಿ ಹಿಡಿದು, ಮೇಲಿನಿಂದ ನೋಡುತ್ತ ಬಂದ. ನಡುಪಟ್ಟಿಗೆ ಬಂದು ನಿಂತ. "ಇದೇನಿದು?"

"ನಾನೇ ಕಣಪ್ಪ ಮುಟ್ಟಿದ್ದು," ಅಂದರು ಕಲ್ಯಾಣಿ. ಹೇಳುವಾಗ ಅವರು ಅವನನ್ನು ನೋಡದೆ ಫ್ಯಾನನ್ನು ನೋಡುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು.

ಸಿದ್ದರಾಜು ನಕ್ಕ. "ಪ್ರತಿ ಮನೇಲೂ ಇದೇ ಗೋಳು ಮೇಡಂ. ನಾವು ಮೈಮುರ್ದು ಪೇಂಟ್ ಮಾಡೋದು, ಮನೆಯವ್ರು ಆರಿದ್ಯಾ ಅಂತ ಬೆರಳಿಟ್ಟು ನೋಡೋದು. ಪರ್ವಾಗಿಲ್ಲ, ನಾಳೆ ಪ್ರಮೋದನ ಕಳಿಸ್ತೀನಿ, ಸರಿಮಾಡ್ತಾನೆ." ಮತ್ತೆ ಟಾರ್ಚ್ ಆಡಿಸಿದ. ಅವನ ಮುಖ ಸ್ವಲ್ಪ ಬದಲಾಯಿತು. "ಮಿಕ್ಕಿದ್ದು ಚೆನ್ನಾಗಿ ಬಂದಿದೆ ಅತ್ತಿಗೆ. ನಿಜವಾಗ್ಲೂ ಚೆನ್ನಾಗಿದೆ. ಆಯ್ತು, ಕತ್ರಿಗುಪ್ಪೇದು ನೀವೇ ಮಾಡಿ."

ಕೇಳಿದ್ದು ಸಿಕ್ಕಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಗೋವಿಂದಮ್ಮನ ಕಿವಿಯಲ್ಲಿ ಆ "ಮನೆಯವ್ರು ಮುಟ್ಟಿದ್ರು" ಅನ್ನುವ ಮಾತು ಕೂತುಬಿಟ್ಟಿತು. ಎಷ್ಟು ಪೇಂಟರುಗಳ ಬಾಯಲ್ಲಿ ಕೇಳಿಲ್ಲ ಇದನ್ನು. ಧೂಳು ಬಂತು, ಗಾಳಿ ಬಂತು, ಮನೆಯವರು ಮುಟ್ಟಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರ ಮುಖಕ್ಕೇ ಹೇಳಿದವಳು ತಾನು. ಈಗ ತಾನೂ ಅದೇ ನೆಲದ ಮೇಲೆ ನಿಂತಿದ್ದಾಳೆ. ಅದೂ ಕೈಗೆ ಬ್ರಷ್ ಬಂದು ಎರಡು ದಿನ ಆಗಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಮೇಡಂ ಮುಟ್ಟಿಲ್ಲ," ಅಂದಳು. "ನಾನು ಮುಟ್ಟಿದ್ದು."

ಸಿದ್ದರಾಜು ತಿರುಗಿದ. ಕಲ್ಯಾಣಿ ಹಣೆ ಚಚ್ಚಿಕೊಂಡರು.

"ನೀವಾ? ಯಾಕೆ?"

"ಮುಗೀತಲ್ಲ ಅಂತ. ಮುಗಿದಿದ್ದು ನೋಡಿ ಕೈಮುಗಿಯೋಣ ಅನ್ನಿಸ್ತು, ಮುಟ್ಟಿ ಕಣ್ಣಿಗೊತ್ಕೊಂಡ್ಬಿಟ್ಟೆ. ತಪ್ಪು ನಂದು. ಪ್ರಮೋದ ಬೇಡ. ನಾಳೆ ನಾನೇ ಉಜ್ತೀನಿ, ನಾನೇ ಹೊಡೀತೀನಿ. ಆಮೇಲೆ ಏನು ಹೇಳ್ಬೇಕೋ ಹೇಳು."

ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಟಾರ್ಚ್ ಆರಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಸರಿ, ಮಾಡಿ. ಶುಕ್ರವಾರ ಸಾಯಂಕಾಲ ಬಂದು ನೋಡ್ತೀನಿ. ಅಲ್ಲೀವರ್ಗೂ ಕತ್ರಿಗುಪ್ಪೆ ಮಾತು ಬೇಡ," ಎಂದು ಹೇಳಿ ಹೊರಟುಹೋದ.

"ನಾನು ಹುಟ್ಟಿದ ಮೇಲೆ ಸರಿಯಾಗಿ ಒಂದು ಸುಳ್ಳು ಹೇಳಿದ್ದೆ," ಅಂದರು ಕಲ್ಯಾಣಿ, "ಅದನ್ನೂ ಹಾಳು ಮಾಡಿದ್ರಿ."

"ಸರಿಯಾಗಿ ಎಲ್ಲಿ ಹೇಳಿದ್ರಿ ಮೇಡಂ? ಫ್ಯಾನ್ ನೋಡ್ಕೊಂಡು ಹೇಳ್ತಿದ್ರಿ," ಅಂದಳು ಗೋವಿಂದಮ್ಮ. ಅಳು ಬರುವ ಹೊತ್ತಿನಲ್ಲಿ ಇಬ್ಬರೂ ನಕ್ಕರು. ಕಲ್ಯಾಣಿ ಮಧ್ಯಾಹ್ನದ ಅನ್ನ ಸಾರು ಬಿಸಿಮಾಡಿ ತಂದು ಕೂರಿಸಿ ಊಟ ಹಾಕಿದರು.

ಮನೆಯಲ್ಲಿ ವೇಣು ವಿಷಯ ಕೇಳಿ, "ಅವನೇ ಒಪ್ಕೊಂಡಿದ್ನಲ್ಲ, ಬಾಯಿಗೆ ಬೀಗ ಹಾಕ್ಕೊಂಡು ಇರಕ್ಕಾಗ್ಲಿಲ್ವಾ ನಿಂಗೆ?" ಅಂದ. ಅವಳು ಈಗ ಹಾಕಿಕೊಂಡೆನಲ್ಲ ಎಂದು ಅವನಿಗೆ ಮುದ್ದೆ ಬಡಿಸಿ ಮಲಗಿದಳು.

ಗುರುವಾರ ಪುಣ್ಯಕ್ಕೆ ಬಿಸಿಲಿತ್ತು. ಆರಿದ ಬಣ್ಣದ ಮೇಲೆ ನುಣ್ಣನೆಯ ಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿ, ಎಂಟು ಬೆರಳನ್ನೂ ಅಳಿಸಿದಳು. ಕಣ್ಣು ಮುಚ್ಚಿ ಅಂಗೈ ಆಡಿಸಿದಳು, ಗುರುತು ಸಿಗಲಿಲ್ಲ. ಒರೆಸಿ, ಒಣಗಿಸಿ, ಮೂರನೆಯ ಕೋಟು ಎಳೆದಳು. ಮಧ್ಯಾಹ್ನಕ್ಕೆ ಮುಗಿದಾಗ ಕಲ್ಯಾಣಿ ಒಂದು ಕುರ್ಚಿ ತಂದು ಬಾಗಿಲ ಮುಂದೆ ಹಾಕಿ ಅವಳನ್ನು ದೂರದಲ್ಲೇ ತಡೆದು ನಿಲ್ಲಿಸಿದರು. "ನಮಸ್ಕಾರ ಮಾಡೋದಿದ್ರೆ ಅಲ್ಲಿಂದಲೇ ಮಾಡಿ," ಅಂದರು. ಮಾಡಲಿಲ್ಲ ಗೋವಿಂದಮ್ಮ, ಅವಳಿಗೆ ಆ ಧೈರ್ಯ ಬರಲಿಲ್ಲ. ಹೊರಡುವಾಗ ಕಲ್ಯಾಣಿ, "ನಾಳೆ ಸಾಯಂಕಾಲ ಅರಿಶಿನ ಕುಂಕುಮಕ್ಕೆ ಬರ್ಬೇಕು, ಕೆಲಸಕ್ಕಲ್ಲ" ಎಂದು ಕರೆದರು.

ಶುಕ್ರವಾರ ಸಂಜೆ ವೇಣು ಅವಳನ್ನು ಲಗೇಜ್ ಆಟೋದಲ್ಲಿ ಮುಂದೆ ಕೂರಿಸಿಕೊಂಡು ಬಂದು ಇಳಿಸಿದ. ಮಗಳ ಮದುವೆಯ ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಹಾಲಿನಲ್ಲಿ ಏಳೆಂಟು ಹೆಂಗಸರು ಕೂತಿದ್ದರು. ಅಭ್ಯಾಸದಿಂದ ನೆಲದ ಕಡೆ ಬಗ್ಗಿದ ಗೋವಿಂದಮ್ಮನನ್ನು ಕಲ್ಯಾಣಿ ಸೋಫಾದ ಮೇಲೆ ಕೂರಿಸಿದರು. ಉಗುರಿನ ಸಂದಿಯಲ್ಲಿ ಕಂದು ಬಣ್ಣ ಇನ್ನೂ ಇತ್ತು. ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ದೇವರ ಮನೆಯಲ್ಲಿ ಲಕ್ಷ್ಮಿ ಅಲಂಕಾರ ಮಾಡಿಕೊಂಡು ಕೂತಿದ್ದಳು. ಎರಡು ಕಡೆ ಬಾಗಿಲು ತೆರೆದು, ಕಿಂಡಿಗಳಲ್ಲಿ ಗಂಟೆಗಳು ಮತ್ತೆ ತೂಗುತ್ತಿದ್ದವು, ಬಣ್ಣದ ಮೇಲೆ ದೀಪಗಳ ಬೆಳಕು ಮಿನುಗುತ್ತಿತ್ತು. ಗೋವಿಂದಮ್ಮ ದೇವಿಯನ್ನು ನೋಡಬೇಕೆಂದುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಕಾಫಿ ಕುಡಿಯಲಾಗಲಿಲ್ಲ.

ಏಳು ಗಂಟೆಗೆ ಸಿದ್ದರಾಜು ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಅಷ್ಟು ರೇಷ್ಮೆ ಸೀರೆಗಳನ್ನು ಕಂಡು ಬಾಗಿಲಲ್ಲೇ ತಡವರಿಸಿದ. ಕಲ್ಯಾಣಿ, "ಬಾಪ್ಪ, ಒಳಗೆ ಬಾ, ನೀನು ನೋಡೋದಿದೆಯಲ್ಲ" ಅಂದರು. ಅವನು ದೇವರಿಗೆ ಕೈಮುಗಿದು, ಬಾಗಿಲ ಹತ್ತಿರ ಹೋಗಿ, ಟಾರ್ಚ್ ಹಾಕಿ ಓರೆಯಾಗಿ ಹಿಡಿದ. ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ. ನಡುಪಟ್ಟಿಯ ಹತ್ತಿರ ಮೂಗು ತಾಗುವಷ್ಟು ಬಗ್ಗಿದ. ಕೀಲಿನ ಸಂದು, ಕಿಂಡಿಗಳ ಒಳಮೂಲೆ, ರೆಕ್ಕೆಯ ಕೆಳಗಿನ ಅಂಚು, ಯಾವುದನ್ನೂ ಬಿಡಲಿಲ್ಲ.

ಟಾರ್ಚ್ ಆರಿಸಿ ಅವನು ಇವಳ ಕಡೆ ತಿರುಗಿದ.

"ಸೋಮವಾರದಿಂದ ಕತ್ರಿಗುಪ್ಪೆ," ಅಂದ. "ಉಜ್ಜೋ ಕೆಲಸಕ್ಕೆ ಪ್ರಮೋದಂಗೆ ಹೇಳಿದೀನಿ."

ಗೋವಿಂದಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಣ್ಣಲ್ಲಿ ನೀರು ತುಂಬಿತು. ಇಷ್ಟು ಜನರ ಮುಂದೆ ಅಳುವುದೇ ಎಂದು ಸೆರಗಿನಿಂದ ಒರೆಸಿಕೊಂಡಳು.

"ಪ್ರಮೋದಂಗೆ ಒಳಮೂಲೆ ಉಜ್ಜೋಕೆ ಬರಲ್ಲ," ಅಂದಳು. "ಏಳು ಗಂಟೆಗೇ ಬರೋಕೆ ಹೇಳು. ಅವನು ಉಜ್ಜಿದ್ದನ್ನ ನಾನು ಕೈಯಾಡ್ಸಿ ನೋಡ್ಬೇಕು. ಸರಿಯಾಗಿದ್ರೆ ಮಾತ್ರ ಬ್ರಷ್ ತಗೊಳ್ಳೋದು."

"ಹೂಂ ಅತ್ತಿಗೆ," ಅಂದ ಮೇಸ್ತ್ರಿ.